ಜಾರದ ಟೇಪು

ಮನೆ, ಹೊಲಿಗೆ ಕೋಣೆ
ನವೆಂಬರ್ ೧೨, ಮಧ್ಯಾಹ್ನ

ನನ್ನ ಮುದ್ದು ಮಗಳೇ,

ಹೇಗಿದ್ದೀಯ? ಊಟ, ನಿದ್ದೆ ಸರಿಯಾಗಿ ಆಗುತ್ತಿದೆಯೇ? ಫೋನಿನಲ್ಲಿ ಹೇಳುವ ಹಾಗೆ "ಚೆನ್ನಾಗಿದ್ದೀನಮ್ಮ" ಎಂದು ಹಾರಿಸಬೇಡ. ಅಲ್ಲಿ ನೀನು ನನ್ನ ಬಾಯಿ ಮುಚ್ಚಿಸುತ್ತೀಯ ಅಂತಲೇ ಈ ಪತ್ರ. ನಾನು ಕ್ಷೇಮ. ನಿಮ್ಮಪ್ಪನ ಗೊರಕೆಯೂ ಕ್ಷೇಮ.

ಹೋದ ಸಲ ಬಂದು ಹೋದಾಗಿನಿಂದ ನೀನು ಸರಿಯಿಲ್ಲ. ಊರವರಿಗೆಲ್ಲ ಅಂಗಿ ಹೊಲಿದರೂ ನನ್ನ ಅಳತೆ ನಾನೇ ತೆಗೆದುಕೊಳ್ಳಲು ಆಗುವುದಿಲ್ಲವಲ್ಲ, ನೀನು ಬಂದಾಗಲೇ ಆ ಕೆಲಸ. ನನ್ನ ಎದೆಯ ಸುತ್ತ ಟೇಪು ಹಿಡಿದವಳು "ಜಾರಿತು" ಎಂದು ಮತ್ತೊಮ್ಮೆ ಹಿಡಿದೆ. ಆಮೇಲೆ ನಿನ್ನ ಅಳತೆ ಕೊಡೇ ಎಂದರೆ "ಈಗ ಬೇಡ ಬಿಡಮ್ಮ" ಎಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೊಸ ಅಂಗಿ ಬೇಡ ಎನ್ನುವ ಹುಡುಗಿಯೇ ನೀನು? ಅಮ್ಮನ ಕಣ್ಣಿಗೆ ಬೀಳಬಾರದ್ದು ಏನೋ ನಿನ್ನ ಮೈಮೇಲೆ ಇದೆ ಎಂದು ಆಗಲೇ ನನಗೆ ಅನುಮಾನ ಬಂತು.

ಮೊದಲೆಲ್ಲ ನಿನ್ನ ಲ್ಯಾಬಿನ ಕಥೆ ಹೇಳಿ ತಲೆ ತಿನ್ನುತ್ತಿದ್ದೆ. ತಾಯಿಯ ಹೊಟ್ಟೆಯಲ್ಲಿರುವ ಇಲಿಮರಿಗೆ ಸ್ತನ ಮೂಡುವಾಗ ಇರುವ ಕಾಂಡಕೋಶಗಳು ಕತ್ತರಿ ಹಾಕದ ಬಟ್ಟೆಯಿದ್ದಂತೆ, ಬೇರೆಬೇರೆ ಕೋಶಗಳಾಗಬಲ್ಲವು. ಕೆಲವು ಸ್ತನ ಕ್ಯಾನ್ಸರ್‌ಗಳಲ್ಲೂ ಅದೇ ಗುಣ ಕಾಣುತ್ತದೆ ಎಂದಿದ್ದೆ. ತೋಳಿಗೆಂದು ಕತ್ತರಿಸಿದ್ದು ಮತ್ತೆ ಇಡೀ ಬಟ್ಟೆಯಾಗುವುದುಂಟೇ ಎಂದು ನಾನು ನಕ್ಕರೆ, "ಅದೇ ಅಮ್ಮ, ಅದೇ ನಮ್ಮ ತಲೆನೋವು" ಎಂದೆ. ಈಗ ಆ ಮಾತೆತ್ತಿದರೆ ಸಾಕು, ಅಲ್ಲಿ ಬಿಸಿಲು ಹೇಗಿದೆ ಅಂತ ಕೇಳುತ್ತೀಯ! ಅದರ ಮೇಲೆ ಅಜ್ಜಿ, ಅಂದರೆ ನನ್ನಮ್ಮ, ಯಾವ ಕಾಯಿಲೆಯಿಂದ ಹೋದರು, ಆಗ ಎಷ್ಟು ವಯಸ್ಸು ಎಂಬ ವಿಚಾರಣೆ ಬೇರೆ. ಇಲಿಗಳಿಗೆ ನಿನ್ನಜ್ಜಿ ಏನಾಗಬೇಕು?

ನಿಮ್ಮಪ್ಪನನ್ನು ಕೇಳಿದರೆ ಪೇಪರು ಎತ್ತಿ ಮುಖ ಮುಚ್ಚಿಕೊಳ್ಳುತ್ತಾರೆ. ಪಕ್ಕದ ಮನೆಯ ನರ್ಸಮ್ಮ, ವರ್ಷಕ್ಕೊಮ್ಮೆಯೂ ನಗದವಳು, ಈಗ ದಿನಾ ದಾರ ಕೇಳಿಕೊಂಡು ಬರುತ್ತಾಳೆ. ಗುಂಡಿ ಹಾಕಲೂ ಬಾರದವಳಿಗೆ ಅಷ್ಟು ದಾರ ಏತಕ್ಕೆ? ಎಲ್ಲರಿಗೂ ಗೊತ್ತು, ನನಗೊಬ್ಬಳಿಗೇ ಗೊತ್ತಿಲ್ಲ. ಹೆತ್ತವಳು ಕಣೇ ನಾನು. ನಿನಗೇನಾದರೂ ಆಗಿದ್ದರೆ ಹೇಳಿಬಿಡು. ತುಂಬ ಹೆದರಿಕೆಯಾಗುತ್ತಿದೆ.

ನೂರು ವರ್ಷ ಬಾಳು. ಸಾಲದಿದ್ದರೆ ನನ್ನ ಆಯಸ್ಸೂ ನಿನಗಿರಲಿ.

ನಿನ್ನ
ಅಮ್ಮ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ನರ್ಸಮ್ಮ ಬಂದಳು. ದಾರ ಕೊಟ್ಟರೆ ಅದನ್ನು ಮೇಜಿನ ಮೇಲೇ ಬಿಟ್ಟು, "ಅಕ್ಕ, ಎಡಗಡೆ ನೋವೇನಾದ್ರೂ ಇದೆಯಾ?" ಎಂದಳು. ಎಡಗಡೆ! ಅಲ್ಲಿರುವ ಗಂಟಿನ ವಿಷಯ ನಾನು ಯಾರಿಗೂ ಹೇಳಿಲ್ಲ. ನೋವಿಲ್ಲವಲ್ಲ ಎಂದು ಸುಮ್ಮನಿದ್ದೆ. ಟೇಪು ಜಾರಿರಲಿಲ್ಲ, ಅಲ್ಲವೇ? ನಿನ್ನ ಬೆರಳಿಗೆ ಅದು ತಾಗಿತ್ತು. ಆಸ್ಪತ್ರೆ ಎಂದರೆ ಮಾರು ದೂರ ಓಡುವ ಅಮ್ಮನನ್ನು ಹಿಡಿಯಲು ಎಲ್ಲರೂ ಸೇರಿ ನಾಟಕ ಆಡಿದ್ದೀರಿ, ಕಳ್ಳರು! ಅಂದರೆ ಅದು ನಿನಗಲ್ಲ, ನನಗೆ. ಸದ್ಯ, ಬದುಕಿದೆ! ಈ ಪತ್ರ ತಲುಪುವಷ್ಟರಲ್ಲಿ ಅವಳ ಜೊತೆ ಆಸ್ಪತ್ರೆಗೆ ಹೋಗಿ ಬಂದಿರುತ್ತೇನೆ. ಬೇಗ ಬಾ, ನಿನ್ನ ಅಳತೆ ಬಾಕಿ ಇದೆ.