ಎರಡನೆಯ ಹಾಳೆಯ ಅಂಚು

ಬುಧವಾರ, ಹದಿನೇಳನೆಯ ತಾರೀಖು
ಬೆಳಗಿನ ಪ್ರಾರ್ಥನೆಯ ಬಳಿಕ

ಮನೆಯಿಂದ ದೂರ ಹೋದ ಮೇಲೂ ನನ್ನ ಪ್ರಾರ್ಥನೆಯಲ್ಲಿ ಮೊದಲ ಹೆಸರಾಗಿ ಉಳಿದಿರುವ ನನ್ನ ಮಗಳಿಗೆ,

ನಿನ್ನನ್ನೂ ನಿನ್ನ ಕಸುಬನ್ನೂ ಭಗವಂತನು ಕಾಯಲಿ. ಇಲ್ಲಿ ನಾವಿಬ್ಬರೂ ಸೌಖ್ಯವೆಂದು ಬರೆಯುವುದು ವಾಡಿಕೆ. ನಿನ್ನ ಅಮ್ಮನ ಮಟ್ಟಿಗೆ ಅದು ನಿಜ. ನಾನು ಮಾತ್ರ ಒಂದೆಡೆ ಕೂರಲಾರದವನಾಗಿದ್ದೇನೆ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಹಿತ್ತಲಿನ ಶೆಡ್ಡಿಗೆ ಹೋಗಿಬಂದೆ. ಅಲ್ಲಿ ನೋಡುವುದಕ್ಕೆ ಹೊಸದೇನೂ ಇಲ್ಲ. ಜೀಪು ಬಾನೆಟ್ ತೆರೆದುಕೊಂಡು ನಿಂತಿದೆ. ಹೊಸ ಎಂಜಿನ್ ಒಂದು ಮೂಲೆಯಲ್ಲಿ ಹಳೆಯ ಟೈರಿನ ಮೇಲೆ, ಗೇರ್‌ಬಾಕ್ಸ್ ಇನ್ನೊಂದು ಮೂಲೆಯಲ್ಲಿ ಗೋಣಿಚೀಲದ ಮೇಲೆ, ಮಾತು ಬಿಟ್ಟ ದಾಯಾದಿಗಳಂತೆ ಕುಳಿತಿವೆ. ನಾಲ್ಕು ಪೆಟ್ಟಿಗೆ ಪುಸ್ತಕಗಳು ಗೋಡೆಯ ಬದಿಯಲ್ಲಿ ಒಣಗುತ್ತಿವೆ. ನಾನು ಅಷ್ಟನ್ನು ನೋಡಿ ಒಳಗೆ ಬರುತ್ತೇನೆ, ಬಂದವನು ಮತ್ತೆ ಹೋಗುತ್ತೇನೆ. ‘ನೆಲ ಸವೆಯುತ್ತೆ, ಒಂದು ಕಡೆ ಕೂತ್ಕೊಳ್ಳಿ’ ಎಂದು ನಿನ್ನ ಅಮ್ಮ ಅಡುಗೆಮನೆಯಿಂದಲೇ ಗದರಿದಳು.

ನಿನಗೆ ಗೊತ್ತಿರುವುದನ್ನೂ ಕ್ರಮ ತಪ್ಪದಂತೆ ಬರೆಯುತ್ತೇನೆ. ಕ್ರಮ ತಪ್ಪಿದರೆ ನನಗೆ ಬೇಕಾದದ್ದನ್ನು ಮಾತ್ರ ಬರೆದುಬಿಡುತ್ತೇನೆಂಬ ಭಯ ನನಗಿದೆ.

ಎರಡು ವರ್ಷಗಳ ಹಿಂದೆ ನೀನು ಇದೇ ಮೇಜಿನ ಮೇಲೆ ಎರಡು ಹಾಳೆಗಳನ್ನು ಹರಡಿದೆ. ಗುಡ್ಡದ ಶಾಲೆಗಳಿಗೆ ನಾನು ಪುಸ್ತಕ ಒಯ್ಯುವ ಜೀಪಿನ ಪೆಟ್ರೋಲ್ ಎಂಜಿನ್ನು ಇನ್ನು ಬಹಳ ಕಾಲ ಬಾಳದೆಂದೂ, ಗುಜರಿಗೆ ಬಂದ ವ್ಯಾನೊಂದರ ಡೀಸೆಲ್ ಎಂಜಿನ್ ಅದಕ್ಕೆ ಒಗ್ಗುವುದೆಂದೂ, ಆದರೆ ಅದರ ಬೆನ್ನಿಗೂ ನಮ್ಮ ಗೇರ್‌ಬಾಕ್ಸಿನ ಮುಖಕ್ಕೂ ಬೋಲ್ಟಿನ ತೂತುಗಳು ಕೂಡಿಬಾರದ ಕಾರಣ ನಡುವೆ ಒಂದು ದಪ್ಪ ಉಕ್ಕಿನ ಪ್ಲೇಟು ಬೇಕಾಗುವುದೆಂದೂ ವಿವರಿಸಿದೆ. ಒಂದು ಹಾಳೆಯಲ್ಲಿ ಎಂಜಿನ್ನಿನ ತೂತುಗಳು, ಇನ್ನೊಂದರಲ್ಲಿ ಗೇರ್‌ಬಾಕ್ಸಿನವು. ನಾನಾದರೋ, ಮೂವತ್ತು ವರ್ಷ ನನ್ನನ್ನು ಹೊತ್ತ ಯಂತ್ರದ ಎದೆ ಬಗೆದು ಬೇರೊಂದರ ಹೃದಯ ತುರುಕುವುದೇ ಎಂದು ಕೂಗಾಡಿದೆ. ನೀನು ನಗುತ್ತಾ, ‘ಅಪ್ಪಾ, ಅದು ಜೀಪು, ನಿಮ್ಮ ಗುರುಗಳಲ್ಲ’ ಎಂದೆ. ಆ ನಗೆಗೆ ನಾನು ಹಾಳೆಗಳನ್ನು ಹರಿದು ಎಸೆದೆ. ಮರುದಿನವೇ ನೀನು ಹೊರಟು ಬೇರೆ ಊರಿನ ಗ್ಯಾರೇಜು ಸೇರಿದೆ. ಅಲ್ಲಿ ಎಂಜಿನ್ ಬಿಚ್ಚಿ ಕಟ್ಟುವ ಕೆಲಸದಲ್ಲಿ ನಿನ್ನ ಕೈಗೆ ಸಾಟಿಯಿಲ್ಲವೆಂಬ ಸುದ್ದಿ ನನಗೆ ಇತರರ ಬಾಯಿಂದ ಬರುತ್ತಿತ್ತು. ನಾನು ಕೇಳಿಸದವನಂತೆ ಕೇಳಿಸಿಕೊಳ್ಳುತ್ತಿದ್ದೆ.

ನೀನು ಬಸ್ಸು ಹತ್ತಿದ ಬೆಳಿಗ್ಗೆಯೇ ನಾನು ಮೇಜಿನ ಕೆಳಗೆ ಮಂಡಿಯೂರಿ ಆ ಚೂರುಗಳನ್ನೆಲ್ಲ ಹೆಕ್ಕಿದೆ. ಜೀರ್ಣವಾದ ಹಸ್ತಪ್ರತಿಗಳನ್ನು ಜೋಡಿಸುವ ತೆಳು ಕಾಗದದ ಮೇಲೆ, ಅದೇ ಗೋಂದಿನಿಂದ, ಅಂಚಿಗೆ ಅಂಚು ಕೂಡಿಸಿ ಅಂಟಿಸಿದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಈ ವರ್ಷ ಹಳೆಯ ಎಂಜಿನ್ನು ಏರಿನ ಮಧ್ಯದಲ್ಲಿ ನಿಂತೇಹೋಯಿತು. ನಿನಗೆ ಒಂದು ಮಾತು ಬರೆಯಬಹುದಿತ್ತು. ಬರೆಯಲಿಲ್ಲ. ನೀನು ಹೇಳಿದ ಮಾದರಿಯ ಎಂಜಿನ್ನನ್ನೇ ಹುಡುಕಿಸಿ ತರಿಸಿ, ನಮ್ಮ ಬೀದಿಯ ಮೆಕ್ಯಾನಿಕ್ ಗುಡುಗಣ್ಣನಿಗೆ ಒಪ್ಪಿಸಿದೆ. ಅವನ ದನಿ ನಿನಗೆ ನೆನಪಿರಬೇಕು. ಗುಟ್ಟು ಹೇಳಿದರೂ ಮೂರು ಮನೆಗೆ ಕೇಳಿಸುತ್ತದೆ. ಅಂಟಿಸಿದ ಹಾಳೆಗಳು ಉಕ್ಕು ಕೊರೆಯುವ ಲೇತ್ ಕೆಲಸದವನ ಕೈಯಲ್ಲಿ ಉಳಿಯಲಾರವೆಂದು ನಾನು ಹೊಸ ಕಾಗದದ ಮೇಲೆ ಶುದ್ಧಪ್ರತಿ ತೆಗೆದೆ. ನಲವತ್ತು ವರ್ಷ ಹಸ್ತಪ್ರತಿ ನಕಲು ಮಾಡಿದ ಕೈ. ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲವೆಂದು ಮೂರು ಸಲ ತಾಳೆ ನೋಡಿದೆ. ಹಾಳೆಗಳಲ್ಲಿದ್ದಂತೆ ಪ್ಲೇಟು ತಯಾರಾಯಿತು. ಎಂಜಿನ್ನಿಗೆ ಸರಿಯಾಗಿ ಕೂತಿತು. ಗೇರ್‌ಬಾಕ್ಸಿನ ಕಡೆ ಆರು ತೂತುಗಳಲ್ಲಿ ನಾಲ್ಕು ಕೂಡಿದವು, ಎರಡು ಭತ್ತದ ಕಾಳಿನಷ್ಟು ಪಕ್ಕಕ್ಕೆ ಸರಿದಿದ್ದವು. ‘ಇಷ್ಟಕ್ಕೆಲ್ಲಾ ಯಾಕೆ ಯೋಚ್ನೆ ಮೇಷ್ಟ್ರೇ, ಅರ ಇಲ್ವಾ ನನ್ ಹತ್ರ’ ಎಂದು ಗುಡುಗಣ್ಣ ಆ ಎರಡನ್ನು ಉಜ್ಜಿ ಅಗಲ ಮಾಡಿ ಬೋಲ್ಟ್ ಬಿಗಿದ.

ಪುಸ್ತಕದ ಪೆಟ್ಟಿಗೆಗಳನ್ನು ಹೇರಿಕೊಂಡು ಗುಡುಗಣ್ಣನೇ ಜೀಪು ಓಡಿಸಿದ, ನಾನು ಪಕ್ಕದಲ್ಲಿ ಕೂತೆ. ಹನ್ನೊಂದನೆಯ ಮೈಲಿಯಲ್ಲಿ, ಶಾಲೆಯ ಕೆಳಗಿನ ಕಡಿದಾದ ಏರಿನಲ್ಲಿ, ನಮ್ಮ ಕಾಲ ಕೆಳಗೆ ಏನೋ ಕಿರುಚಿತು. ಗೇರಿನ ಕೋಲು ತಾನಾಗಿಯೇ ಹಾರಿ ಹೊರಬಂತು. ಜೀಪು ಹಿಂದಕ್ಕೆ ಉರುಳತೊಡಗಿತು. ನಾನು ಭಗವಂತನನ್ನು ಕೂಗುತ್ತಿದ್ದೆ. ಗುಡುಗಣ್ಣ ಬ್ರೇಕಿನ ಮೇಲೆ ನಿಂತು, ಸ್ಟಿಯರಿಂಗ್ ತಿರುಚಿ, ಹಿಂಬದಿಯನ್ನು ಮಣ್ಣಿನ ದಿಬ್ಬಕ್ಕೆ ಗುದ್ದಿಸಿ ನಿಲ್ಲಿಸಿದ. ‘ದೇವ್ರನ್ನ ಆಮೇಲೆ ಕರೀರಿ ಮೇಷ್ಟ್ರೇ, ಮೊದ್ಲು ಇಳ್ದು ಚಕ್ರಕ್ಕೊಂದು ಕಲ್ಲು ಕೊಡಿ!’ ಎಂದು ಅವನು ಅರಚಿದ್ದು ಇಂದಿಗೂ ಕಿವಿಯಲ್ಲಿದೆ. ಅವನ ಮಣಿಕಟ್ಟು ಊದಿಕೊಂಡಿತು; ಮೂರು ವಾರವಾದರೂ ಸ್ಪ್ಯಾನರ್ ಹಿಡಿಯಲಾಗಿಲ್ಲ. ಪುಸ್ತಕದ ಪೆಟ್ಟಿಗೆಗಳು ಚರಂಡಿ ಸೇರಿದವು. ಅಂದೇ ಜೀಪನ್ನು ಶೆಡ್ಡಿಗೆ ಎಳೆಸಿ ತಂದು ಬಿಚ್ಚಿಸಿ ನೋಡಿದರೆ ಗೇರ್‌ಬಾಕ್ಸ್ ಒಂದು ಎಳೆಯಷ್ಟು ಓರೆಯಾಗಿ ಕೂತಿತ್ತು. ತುದಿಯ ಬೇರಿಂಗು ಪುಡಿಯಾಗಿತ್ತು.

ಲೇತಿನವನು ತನ್ನ ಕೆಲಸದ ಮೇಲೆ ಮಾತು ಬರಬಾರದೆಂದು ಎಲ್ಲರ ಮುಂದೆ ಕೇಳಿದ, ‘ಹಾಳೆ ಹೆಂಗಿತ್ತೋ ಹಂಗೇ ಕೊರ್ದಿದೀನಿ. ಅಳತೆ ಯಾರದ್ದು?’ ಎಂದು. ಅಲ್ಲಿ ಆರೇಳು ಜನರಿದ್ದರು. ನಾನು ಅಂಗಿಯ ಮಣ್ಣು ಒರೆಸಿಕೊಳ್ಳುತ್ತಾ, ಅಳತೆ ನನ್ನ ಮಗಳದೆಂದೆ. ‘ಹೆಣ್ಮಗಳು ಅಂಗಿಗೆ ಅಳತೆ ತಗೊಂಡಂಗೆ ತಗೊಂಡಿರ್ಬೇಕು ಬಿಡಿ’ ಎಂದು ಒಬ್ಬ ನಗೆಯೆಬ್ಬಿಸಿದ. ನಾನು ನಗಲಿಲ್ಲ. ತಡೆಯಲೂ ಇಲ್ಲ.

ಆ ಲೇತಿನವನು ನಿನ್ನ ಗ್ಯಾರೇಜಿನ ಮಾಲೀಕರಿಗೂ ಕೆಲಸ ಮಾಡಿಕೊಡುವವನು. ಮಾತು ಅವನೊಡನೆ ಪ್ರಯಾಣ ಮಾಡಿತು. ಮಾಲೀಕರು ನಿನ್ನನ್ನು ಎಂಜಿನ್ ಕೆಲಸದಿಂದ ತೆಗೆದು ಬಿಡಿಭಾಗಗಳ ಕೋಣೆಯಲ್ಲಿ ನಟ್ಟು ವಾಷರು ಎತ್ತಿಕೊಡಲು ಕೂರಿಸಿದ್ದಾರೆಂದೂ, ಈ ತಿಂಗಳು ಮುಗಿಯುವುದರೊಳಗೆ ನಿನ್ನ ಜಾಗಕ್ಕೆ ಬೇರೊಬ್ಬನನ್ನು ತರುವರೆಂದೂ ಗುಡುಗಣ್ಣನಿಂದ ತಿಳಿಯಿತು. ಅದೇ ವಾರ, ಎರಡು ವರ್ಷಗಳಲ್ಲಿ ಮೊದಲ ಬಾರಿಗೆ, ನಿನ್ನ ಪತ್ರ ಬಂತು. ಒಂದೇ ಸಾಲು: ನನ್ನ ಹಾಳೆಯಲ್ಲಿ ಇದ್ದದ್ದೆಲ್ಲ ಹಾಗೆಯೇ ಲೇತಿಗೆ ಹೋಯಿತೇ ಎಂದು. ನಾನು ಕಾರ್ಡಿನಲ್ಲಿ ಒಂದೇ ಪದದ ಉತ್ತರ ಕಳಿಸಿದೆ. ‘ಅಕ್ಷರಶಃ.’

ಮಗಳೇ, ಅದು ಸುಳ್ಳು.

ನಿನ್ನೆ ನಾನು ಮೂಲ ಹಾಳೆಗಳನ್ನು ತೆಗೆದು ನನ್ನ ಶುದ್ಧಪ್ರತಿಯ ಪಕ್ಕದಲ್ಲಿಟ್ಟು ನೋಡಿದೆ. ಎರಡನೆಯ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ನೀನು ಏನನ್ನೋ ಬರೆದಿರುವೆ. ಆ ಹಾಳೆಯನ್ನು ಬೋರಲು ಹಾಕಿ ಗುರುತು ಮಾಡಬೇಕೆಂಬುದು ಅದರ ತಾತ್ಪರ್ಯ. ಎದುರುಬದುರು ನಿಂತ ಇಬ್ಬರಲ್ಲಿ ಒಬ್ಬನ ಬಲಗೈ ಇನ್ನೊಬ್ಬನ ಎಡಗೈಗೆ ಎದುರಾಗುವಂತೆ, ಎಂಜಿನ್ನಿನ ಮುಖವೂ ಗೇರ್‌ಬಾಕ್ಸಿನ ಮುಖವೂ ಒಂದನ್ನೊಂದು ನೋಡುತ್ತವೆ. ಒಂದನ್ನು ಮಗುಚದೆ ಎರಡನ್ನೂ ಒಂದೇ ಪ್ಲೇಟಿನ ಮೇಲೆ ಗುರುತಿಸಲಾಗದು. ನಿನ್ನ ಅಳತೆ ಸರಿಯಾಗಿಯೇ ಇತ್ತು. ಆ ಟಿಪ್ಪಣಿಯನ್ನು ಶುದ್ಧಪ್ರತಿಯಲ್ಲಿ ಬಿಟ್ಟವನು ನಾನು.

ಅಂಚಿನ ಬರಹವನ್ನು ಮೂಲಪಾಠವೆಂದು ಎಣಿಸದಿರುವುದು ನನ್ನ ಕಸುಬಿನ ಅಭ್ಯಾಸ. ಓದುಗರು ಕಾಲಾನುಕಾಲಕ್ಕೆ ಹಸ್ತಪ್ರತಿಯ ಬದಿಯಲ್ಲಿ ಗೀಚುವುದುಂಟು. ಅದನ್ನು ಒಳಗೆ ಸೇರಿಸಿದರೆ ಪಾಠ ಕೆಡುತ್ತದೆ. ಉಳಿದದ್ದೆಲ್ಲ ಶಾಯಿಯಲ್ಲಿದ್ದು ಇದೊಂದು ಮಾತ್ರ ಪೆನ್ಸಿಲಿನಲ್ಲಿ ಇದ್ದುದರಿಂದ ಇದು ನಿನ್ನ ಗ್ರಂಥದ ಭಾಗವಲ್ಲವೆಂದು ತೀರ್ಮಾನಿಸಿದೆ.

ಇಲ್ಲಿಗೆ ನಿಲ್ಲಿಸಿ ಎದ್ದು ಹೋಗಿದ್ದೆ. ಶೆಡ್ಡಿನಲ್ಲಿ ನಿನ್ನ ಅಮ್ಮ ಒದ್ದೆ ಪುಸ್ತಕಗಳ ಹಾಳೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಪತ್ರ ಎಲ್ಲಿಗೆ ಬಂತೆಂದು ಕೇಳಿದಳು. ಹೇಳಿದೆ. ‘ನಿನ್ನೆ ನೋಡಿದ್ರಾ? ಹೋದ ಮಂಗಳವಾರ ಊಟ ಬಿಟ್ಟು ಎದ್ರಲ್ಲ, ಅದು ಯಾವ ನಿನ್ನೆ?’ ಎಂದಳು. ಬಳಿಕ, ತಲೆಯೆತ್ತದೆಯೇ, ‘ಹಾಳೆ ಹರಿದೋರೂ ನೀವೇ, ಅಂಟಿಸಿದೋರೂ ನೀವೇ, ಬೈಸ್ಕೊಂಡೋಳು ಮಾತ್ರ ಅವಳು’ ಎಂದಳು.

ಹೌದು, ನಿನ್ನೆಯಲ್ಲ. ಎಂಟು ದಿನಗಳಾದವು.

ಈ ಎಂಟು ದಿನ ನಾನೇನು ಮಾಡಿದೆನೆಂದು ನೀನು ಕೇಳುವುದು ನ್ಯಾಯ. ಹಳೆಯ ಕಟ್ಟುಗಳನ್ನು ಬಿಚ್ಚಿದೆ. ನಾನು ಪರಿಷ್ಕರಿಸಿ ಅಚ್ಚು ಮಾಡಿಸಿದ ಒಂಬತ್ತು ಗ್ರಂಥಗಳ ಮೂಲಪ್ರತಿಗಳ ಅಂಚುಗಳನ್ನು ಭೂತಗನ್ನಡಿ ಹಿಡಿದು ಓದಿದೆ. ಎಲ್ಲೆಲ್ಲಿ ಏನೇನು ಬಿಟ್ಟಿದ್ದೇನೋ! ಮೂರನೆಯ ಕಟ್ಟಿನಲ್ಲಿ ಒಂದು ಸಾಲು ಸಿಕ್ಕಿದೆ. ಅದಿದ್ದರೆ ಅಧ್ಯಾಯದ ಅರ್ಥವೇ ಬೇರೆ. ಈಗ ನಾನು ಬಾಯಿಬಿಟ್ಟರೆ, ಜೀಪಿನ ಹಾಳೆಯಲ್ಲಿ ಅಂಚನ್ನು ಬಿಟ್ಟವನು ಉಳಿದೆಡೆ ಬಿಡಲಿಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ತಪ್ಪಿಲ್ಲದ ಕೈ ಎಂಬ ಹೆಸರೊಂದನ್ನು ಬಿಟ್ಟು ನನಗೆ ಬೇರೆ ಗಳಿಕೆಯಿಲ್ಲ. ಆ ಹೆಸರು ಒಂದು ತಕ್ಕಡಿಯಲ್ಲಿ, ಎಂಜಿನ್ ಮುಂದೆ ನಿಲ್ಲಬೇಕಾದ ನನ್ನ ಮಗಳು ವಾಷರ್ ಡಬ್ಬಿಗಳ ನಡುವೆ ಕೂತಿರುವುದು ಇನ್ನೊಂದರಲ್ಲಿ. ಇದನ್ನು ತೂಗುವುದಕ್ಕೆ ತಂದೆಯಾದವನಿಗೆ ಎಂಟು ದಿನ ಬೇಕಾಯಿತೆಂದರೆ, ದಿನಕ್ಕೆರಡು ಹೊತ್ತು ಪ್ರಾರ್ಥನೆ ಮಾಡುವ ಈ ಬಾಯಿಗೆ ಏನು ಬೆಲೆ? ಕಣ್ಣು ಮುಚ್ಚಿದರೆ ಭಗವಂತನ ಬದಲು ಆರು ತೂತುಗಳು ಕಾಣುತ್ತವೆ. ನಾಲ್ಕು ಕೂಡುತ್ತವೆ, ಎರಡು ಕೂಡುವುದಿಲ್ಲ.

ನಿನ್ನ ಮಾಲೀಕರಿಗೆ ನಡೆದದ್ದನ್ನು ವಿವರವಾಗಿ ಬರೆದು ಸೋಮವಾರವೇ ಅಂಚೆಗೆ ಹಾಕಿದ್ದೇನೆ. ಅಳತೆ ನಿರ್ದೋಷವೆಂದೂ, ವಿದ್ವಾಂಸನೊಬ್ಬನ ಅಭ್ಯಾಸಬಲದಿಂದ ನಕಲಿನಲ್ಲಿ ಲೋಪವಾಯಿತೆಂದೂ, ನಿನ್ನನ್ನು ಮೊದಲಿನ ಕೆಲಸಕ್ಕೆ ಕರೆಯಬೇಕೆಂದೂ ಕೋರಿದ್ದೇನೆ. ಲೇತಿನವನಿಗೂ ಗುಡುಗಣ್ಣನಿಗೂ ಹೇಳಿಯಾಯಿತು. ಗುಡುಗಣ್ಣ, ‘ಅಲ್ಲ ಮೇಷ್ಟ್ರೇ, ಎರಡು ತೂತು ಕೂಡ್ಲಿಲ್ಲ ಅಂದಾಗ ನಾನು ಅರ ಹಿಡಿಯೋ ಬದ್ಲು ಮಗಳಿಗೊಂದು ಫೋನ್ ಮಾಡ್ಬೇಕಿತ್ತು, ಮರ್ಯಾದೆ ಹೋಗತ್ತೆ ಅಂತ ಮಾಡ್ಲಿಲ್ಲ’ ಎಂದ. ಅವನು ತನ್ನ ಪಾಲನ್ನು ನನಗಿಂತ ಬೇಗ ಒಪ್ಪಿಕೊಂಡ. ಅವನ ಕಟ್ಟಿದ ಮಣಿಕಟ್ಟಿನ ಕಡೆ ನಾನು ನೋಡಲಾರದೆ ಹೋದೆ.

ನೀನು ಕ್ಷಮಿಸಬೇಕೆಂದು ಕೇಳುವುದಿಲ್ಲ. ಜೀಪನ್ನು ಬಂದು ಸರಿಮಾಡೆಂದೂ ಕೇಳುವುದಿಲ್ಲ. ಗುಡ್ಡದ ಶಾಲೆಯ ಉಪಾಧ್ಯಾಯಿನಿ ಪುಸ್ತಕಗಳು ಯಾವಾಗ ಬರುತ್ತವೆಂದು ಎರಡು ಸಲ ಹೇಳಿಕಳಿಸಿದ್ದಾರೆ. ಒಣಗಿದ ಪುಸ್ತಕಗಳನ್ನು ಸದ್ಯಕ್ಕೆ ಹಾಲಿನ ಲಾರಿಯಲ್ಲಿ ಕಳಿಸುವೆ. ನಿನ್ನ ಅಳತೆ ಸರಿ ಎಂಬ ಮಾತು ನನ್ನ ಕೈಬರಹದಲ್ಲಿ ನಿನ್ನ ಬಳಿ ಇರಲಿ, ಅಷ್ಟೇ.

ನಿನ್ನ ಶ್ರೇಯಸ್ಸನ್ನು ಬಯಸುವ,
ಬಯಸಿಯೂ ಅದಕ್ಕೆ ಅಡ್ಡನಿಂತ,
ನಿನ್ನ ಅಪ್ಪ

ತಾ.ಕ.: ಲಕೋಟೆಗೆ ಗೋಂದು ಹಚ್ಚಿದವನು ಮತ್ತೆ ಬಿಚ್ಚಿದ್ದೇನೆ. ಮಾಲೀಕರಿಗೆ ಬರೆದ ಪತ್ರ ಅಂಚೆಗೆ ಹೋಗಿಲ್ಲ. ಮೂರು ದಿನದಿಂದ ಅಂಗಿಯ ಜೇಬಿನಲ್ಲಿಟ್ಟುಕೊಂಡು ಅಂಚೆಪೆಟ್ಟಿಗೆಯವರೆಗೆ ಹೋಗಿ ಹೋಗಿ ಮರಳಿದೆ. ಕಾರಣ, ಅದರಲ್ಲಿರುವುದೂ ಈ ಪತ್ರದಲ್ಲಿರುವಂಥದೇ ಅರ್ಧಸತ್ಯ. ಅಭ್ಯಾಸಬಲವೆಂಬುದು ನನಗೆ ನಾನೇ ಹೊಲಿದುಕೊಂಡ ಮುಸುಕು. ನಿನ್ನ ಟಿಪ್ಪಣಿ ಯಾರೋ ಗೀಚಿದ್ದಲ್ಲವೆಂದು ನಕಲು ಮಾಡುವಾಗಲೇ ನನಗೆ ಗೊತ್ತಿತ್ತು. ಅದು ನನ್ನನ್ನೇ ಕರೆದು ಬರೆದದ್ದು. ಮಗಳು ಅಪ್ಪನಿಗೆ ಹಾಳೆ ಇಡುವುದನ್ನು ಹೇಳಿಕೊಟ್ಟಳೆಂದು ಲೇತಿನವನೂ ಗುಡುಗಣ್ಣನೂ ಓದಿ ನಗಬಾರದೆಂದು ಬಿಟ್ಟೆ. ಬಾಯಿಮಾತಿನಲ್ಲಿ ಹೇಳಿದರಾಯಿತೆಂದುಕೊಂಡೆ, ಹೇಳುವುದನ್ನೂ ನುಂಗಿಕೊಂಡೆ. ಆ ಪತ್ರವನ್ನು ಈಗಷ್ಟೇ ಒಲೆಗೆ ಹಾಕಿದೆ. ನಾಳೆಯ ಮೊದಲ ಬಸ್ಸಿಗೆ ಹೊರಡುತ್ತೇನೆ. ಈ ಪತ್ರ ನಿನಗೆ ನನ್ನ ಕೈಯಿಂದಲೇ ಸಿಗುವುದು. ಅಪವಾದವನ್ನು ಜನರ ಮುಂದೆ ಆಡಿದವನು ಒಪ್ಪಿಗೆಯನ್ನು ಕಾಗದದಲ್ಲಿ ಮಡಿಸಿ ಕೊಡಬಾರದು. ನಿನ್ನ ಗ್ಯಾರೇಜಿನ ನಡುವೆ ನಿಂತು, ಯಂತ್ರಗಳನ್ನು ಒಂದು ಗಳಿಗೆ ನಿಲ್ಲಿಸುವಂತೆ ಕೇಳಿಕೊಂಡು, ಮಾಲೀಕರಿಗೂ ಕೆಲಸದವರಿಗೂ ನಿನ್ನ ಟಿಪ್ಪಣಿಯನ್ನು ಗಟ್ಟಿಯಾಗಿ ಓದುವೆ. ದನಿ ನಡುಗದಿರಲೆಂದು ಇಲ್ಲಿ ಇನ್ನೊಮ್ಮೆ ನಕಲು ಮಾಡಿಕೊಂಡಿದ್ದೇನೆ, ಒಂದಕ್ಷರವೂ ಬಿಡದೆ:

‘ಅಪ್ಪಾ, ಇದೊಂದು ಹಾಳೆಯನ್ನು ಬೋರಲು ಹಾಕಿ ಗುರುತು ಮಾಡಿಸಿ. ಅನುಮಾನ ಬಂದರೆ ನನ್ನನ್ನು ಕೇಳಿ, ನಾನು ನಗುವುದಿಲ್ಲ.’