ಡಾಕ್ಟರ ಅಂಗಿಗೆ ಇಳಿದ ಊರು

ರೀ,

ಇಸ್ತ್ರಿ ಆದ ಬಟ್ಟೆಗಳನ್ನ ಮನೆಮನೆಗೆ ಕೊಟ್ಟು ಬರೋಕೆ ಹೋಗಿದ್ದೀನಿ. ಅಡುಗೆ ಮುಚ್ಚಿಟ್ಟಿದ್ದೀನಿ, ಆರೋ ಮುಂಚೆ ಊಟ ಮಾಡಿ.

ಡಾಕ್ಟರ ಬಿಳಿ ಅಂಗಿ ಬಾಗಿಲ ಹಿಂದೆ ತೂಗುಹಾಕಿದ್ದೀನಿ. ಅವರು ಬಂದು ಕೇಳಿದರೆ ನಾಳೆ ಅನ್ನಿ. ಅದರ ಬೆನ್ನು ನೋಡಿದಿರಾ? ಕಲಾ ಉತ್ಸವದ ನಕ್ಷೆ ಪೂರ್ತಿ ಅಚ್ಚೊತ್ತಿ ಕೂತಿದೆ. "ನಾವು ಕಾಲಿಡದ ಊರು, ಅಷ್ಟು ಜನದಲ್ಲಿ ದಾರಿ ತಪ್ಪಿದರೆ ಏನು ಗತಿ, ನಾನಂತೂ ಬರಲ್ಲ" ಅಂದವರು ನೀವೇ ತಾನೆ? ನಾನು ಜೆರಾಕ್ಸ್ ಮಾಡಿಸಿ ತಂದಿದ್ದನ್ನ ಕದ್ದು ತೆಗೆದು, ಮಡಿಕೆ ಹೋಗಲಿ ಅಂತ ಇಸ್ತ್ರಿ ಹಾಕಿದ್ದೀರಿ. ಕೆಳಗೆ ಅಂಗಿ ಇರೋದನ್ನಾದರೂ ನೋಡಬಾರದಾ? ಬಿಸಿಗೆ ಜೆರಾಕ್ಸ್ ಮಸಿಯೆಲ್ಲ ಬಟ್ಟೆಗೆ ಇಳಿದುಬಿಟ್ಟಿದೆ.

ಬೈಯೋಣ ಅಂತಲೇ ಅಂಗಿ ಕೈಗೆತ್ತಿಕೊಂಡೆ. ಕಿಟಕಿ ಬೆಳಕಿಗೆ ಹಿಡಿದರೆ ಹೊಳೆ ದಂಡೆಯ ರಂಗಮಂದಿರ, ಗೊಂಬೆಯಾಟದ ಬೀದಿ, ಬೆಳಗಿನವರೆಗೂ ಹಾಡೋ ಮೈದಾನ, ಎಲ್ಲ ಗಾಳಿಗೆ ಮೆಲ್ಲಗೆ ತೇಲ್ತಾ ಇತ್ತು. ಇಸ್ತ್ರಿಪೆಟ್ಟಿಗೆ ತಣ್ಣಗಾಗೋವರೆಗೂ ಆ ಬೀದಿಗಳಲ್ಲೇ ತಿರುಗಾಡ್ತಾ ನಿಂತುಬಿಟ್ಟೆ. ಒಂದು ತಿರುವಲ್ಲಿ ನೀವೂ ಸಿಕ್ಕಿದ್ರಿ.

ಅದನ್ನ ಒಗೆಯೋಕೆ ಹೋಗಬೇಡಿ. ಬರ್ತಾ ಡಾಕ್ಟರಿಗೆ ಹೊಸ ಅಂಗಿ ಒಂದು ತರ್ತೀನಿ.

ಅಚ್ಚಲ್ಲಿ ಎಡ ಬಲ ಅದಲುಬದಲಾಗಿದೆ. ಪರವಾಗಿಲ್ಲ, ನೀವು ಹೇಳಿದ್ದಕ್ಕೆ ಉಲ್ಟಾ ನಡೆದು ನನಗೆ ಅಭ್ಯಾಸ ಇದೆ.

ಅಂಗಿ ನಿಮಗೆ ಸ್ವಲ್ಪ ದೊಗಳೆ ಆಗುತ್ತೆ. ಆದರೂ ಉತ್ಸವಕ್ಕೆ ಅದನ್ನೇ ಹಾಕ್ಕೊಳ್ಳಿ. ನೀವು ಮುಂದೆ ನಡೀರಿ. ನಾನು ನಿಮ್ಮ ಬೆನ್ನು ನೋಡ್ಕೊಂಡು ದಾರಿ ಹೇಳ್ತೀನಿ.