ನೀಲಿ ಟವೆಲ್ಲಿನ ಭವಿಷ್ಯ

ಸೆಪ್ಟೆಂಬರ್ ೧೪
ಹೋಟೆಲಿನ ಕೋಣೆಯಿಂದ, ಬೆಳಗಿನ ತಿಂಡಿಗೆ ಮೊದಲು

ಮುದ್ದು ಮಗಳೇ,

ನೀನು ಚೆನ್ನಾಗಿದ್ದೀಯ, ಮಗು ಚೆನ್ನಾಗಿದೆ, ನಿನ್ನ ಅಮ್ಮ ನಿನ್ನ ಅಡುಗೆಮನೆಯನ್ನು ಪೂರ್ತಿ ತನ್ನ ವಶಕ್ಕೆ ತೆಗೆದುಕೊಂಡಿದ್ದಾಳೆ ಎಂದು ನಂಬಿಕೊಂಡು ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಫೋನಿನಲ್ಲೇ ಹೇಳೋಣವೆಂದರೆ ನಾನು ಬಾಯಿ ತೆರೆಯುವ ಮೊದಲೇ ನಿನ್ನ ಅಮ್ಮ ಫೋನು ಕಿತ್ತುಕೊಂಡು, "ಊಟ ಆಯ್ತಾ? ಸ್ವೆಟರ್ ಹಾಕ್ಕೊಂಡಿದ್ದೀರಾ?" ಎಂದು ವಿಚಾರಣೆ ಶುರುಮಾಡುತ್ತಾಳೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಾಗಿದೆ, ಗೊತ್ತು. ಈ ಕೋಣೆಯ ಮೇಜು ಅಲ್ಲಾಡುತ್ತದೆ.

ನೀನು ಕಳಿಸಿದ ಫೋಟೋದಲ್ಲಿ ಮಗುವಿನ ಮುಖಕ್ಕಿಂತ ಪಾದವೇ ದೊಡ್ಡದಾಗಿ ಬಂದಿದೆ. ತೆಗೆದದ್ದು ನಿನ್ನ ಗಂಡನೇ ಇರಬೇಕು. ಆದರೂ ನನಗೆ ಅದೇ ಇಷ್ಟ. ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, ಕೇಳಿದವರಿಗೂ ಕೇಳದವರಿಗೂ ತೋರಿಸುತ್ತಿದ್ದೇನೆ. "ಬೇಗ ಬಂದು ಇವಳ ಕಾಲು ಹಿಡಿದು ಭವಿಷ್ಯ ಹೇಳಪ್ಪ" ಎಂದು ಬರೆದಿದ್ದೀಯ. ನೀನು ಹುಟ್ಟಿದಾಗ ನಿನ್ನ ಕಾಲು ಹಿಡಿದು, "ಇವಳು ನಡೆಯೋದೇ ಇಲ್ಲ, ನೇರ ಓಡ್ತಾಳೆ" ಎಂದಿದ್ದೆ. ನೀನೋ, ಓರಗೆಯ ಮಕ್ಕಳೆಲ್ಲ ಬೀದಿ ಅಳೆಯುತ್ತಿದ್ದಾಗಲೂ ಕೂತಲ್ಲೇ ಕೂತಿದ್ದೆ. ನಿನ್ನ ಅಮ್ಮ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ. ಈಗ ನೀನು ಊರ ಮಕ್ಕಳಿಗೆಲ್ಲ ಈಜು ಕಲಿಸುತ್ತೀಯ; ನೀರಿನಲ್ಲಿ ಓಡಿದರೂ ಓಟವೇ ಎಂಬುದು ನನ್ನ ವಾದ.

ಇನ್ನು ಇಲ್ಲಿಯ ಸುದ್ದಿ. ಹಲವು ದಿನ ನಡೆಯುವ ಈ ಸೈಕಲ್ ಓಟದಲ್ಲಿ ಮೊನ್ನೆ ನಾವು ಗೆದ್ದದ್ದನ್ನು ಟಿವಿಯಲ್ಲಿ ನೋಡಿರುತ್ತೀಯ. ಟಿವಿಯವರಿಗೆ ಗೊತ್ತಿಲ್ಲದ್ದನ್ನು ನಾನು ಹೇಳುತ್ತೇನೆ.

ಆ ದಿನದ ಓಟ ಮುಗಿಯುವುದು ಒಂದು ಭಯಂಕರ ಏರಿನಲ್ಲಿ. ಎರಡೂ ಕಡೆ ಅಂಗಡಿ ಮನೆಗಳಿರುವ ಕಿರಿದಾದ ಬೀದಿ. ಅಲ್ಲಿಯವರೇ ಕಂಬಿ ಹಿಡಿದು ಹತ್ತುತ್ತಾರೆ. ತುದಿಯಲ್ಲಿ ನೀರಿನ ಟ್ಯಾಂಕು, ಅದರ ಬುಡದಲ್ಲಿ ಗೆಲುವಿನ ಗೆರೆ. ಅಂಥ ಕಡೆ ತಂಡದ ಹುಡುಗರೆಲ್ಲ ಸೇರಿ ಒಬ್ಬನನ್ನು ಗಾಳಿಯಿಂದ ಕಾಪಾಡಿಕೊಂಡು ಬಂದು ಏರಿನ ಬುಡದಲ್ಲಿ ಬಿಡಬೇಕು. ಆ ಒಬ್ಬ ಯಾರು ಎಂಬುದು ಹಿಂದಿನ ದಿನವೇ ತೀರ್ಮಾನವಾಗಬೇಕು. ತಪ್ಪಿದರೆ ಇಡೀ ತಂಡದ ಬೆವರು ನೀರುಪಾಲು.

ಆ ತೀರ್ಮಾನದಲ್ಲಿ ನನ್ನ ನೀಲಿ ಟವೆಲ್ಲಿಗೆ ಒಂದು ಪಾತ್ರವಿದೆ ಎಂದು ನಿನಗೆ ಹಿಂದೆಯೇ ಹೇಳಿದ್ದೆ. ಎಲ್ಲರ ಕಾಲಿಗೂ ಮಾಲೀಸು ಮುಗಿದ ಮೇಲೆ ಬಿಳಿ ಟವೆಲ್ಲು ಹೊದಿಸುತ್ತೇನೆ. ಯಾರ ಕಾಲು ಮಾರನೆಯ ದಿನ ಗೆಲ್ಲುತ್ತದೆ ಎಂದು ನನ್ನ ಕೈಗೆ ಅನ್ನಿಸುತ್ತದೋ ಅವನಿಗೆ ನೀಲಿಯದು. ನೀನು ಸ್ಕೂಲಿನ ಈಜಿಗೆ ಒಯ್ಯುತ್ತಿದ್ದೆಯಲ್ಲ, ಅದೇ. ಮೊದಲು ತಮಾಷೆಗೆ ಶುರುವಾದದ್ದು, ಹೇಳಿದಂತೆಯೇ ಆಗುತ್ತಾ ಬಂದಮೇಲೆ ತಂಡದಲ್ಲಿ ಕಟ್ಟಳೆಯೇ ಆಗಿಬಿಟ್ಟಿದೆ. ಮಾವನ ಕೈಗುಣ ಎನ್ನುತ್ತಾರೆ. ಹುಡುಗರೆಲ್ಲ ನನ್ನನ್ನು ಮಾವ ಎಂದೇ ಕರೆಯುವುದು.

ನಮ್ಮಲ್ಲಿ ದೊಡ್ಡ ಸವಾರನೊಬ್ಬನಿದ್ದಾನೆ. ಅವನ ಹಾಲು ಬಿಸಿಯಾಗಿರಬೇಕು, ದಿಂಬು ಮೆತ್ತಗಿರಬೇಕು, ಕೋಪ ಮೂಗಿನ ತುದಿಯಲ್ಲೇ. ಎಲ್ಲರೂ ಅವನ ಹಿಂದೆ ಮುಂದೆ ಸುತ್ತುವುದು ನೋಡಿ ಅಡುಗೆಯವನು ಅವನಿಗೆ ಅಳಿಯ ಎಂದು ಹೆಸರಿಟ್ಟ. (ಇದನ್ನು ನಿನ್ನ ಗಂಡನಿಗೆ ಓದಿ ಹೇಳಬೇಡ. ನನ್ನ ನಿಜವಾದ ಅಳಿಯ ಚಿನ್ನದಂಥವನು, ಫೋಟೋ ತೆಗೆಯುವುದೊಂದು ಬಿಟ್ಟರೆ.) ಇನ್ನೊಬ್ಬ ಗುಬ್ಬಚ್ಚಿ. ಪುಟ್ಟ ಹುಡುಗ, ಮಾತೂ ಪುಟ್ಟದು. ಉಳಿದವರಿಗೆ ನೀರಿನ ಬಾಟಲಿ ಹೊತ್ತು ಕೊಡುವುದು, ಅಳಿಯನ ಮುಂದೆ ಗಾಳಿ ತಿನ್ನುವುದು, ಕೊನೆಯಲ್ಲಿ ಬಂದು ಸೇರುವುದು, ಇದು ಅವನ ಕೆಲಸ. ಮುಂದಿನ ವರ್ಷ ಅವನನ್ನು ಇಟ್ಟುಕೊಳ್ಳುವುದಿಲ್ಲವಂತೆ ಎಂಬ ಗುಸುಗುಸು ಅವನ ಕಿವಿಗೂ ಬಿದ್ದಿತ್ತು. ಊಟ ಬಿಟ್ಟಿದ್ದ, ಪಾಪ.

ಆ ಏರಿನ ಹಿಂದಿನ ದಿನ ಪೂರ್ತಿ ಮಳೆಯಲ್ಲಿ ಸೈಕಲ್ ತುಳಿದು ಬಂದಿದ್ದರು. ಗುಬ್ಬಚ್ಚಿಯ ಸರದಿ ಕಟ್ಟಕಡೆಗೆ. ಮಾಲೀಸು ಮುಗಿಸಿ ಬಿಳಿ ಟವೆಲ್ಲು ಹೊದಿಸಿದೆ ನೋಡು, ಹುಡುಗ ಕಿಟಾರನೆ ಕಿರುಚಿ ಮೇಲೆದ್ದ.

"ಅಯ್ಯೋ ಮಾವ, ಒದ್ದೆ! ತೊಟ್ಟಿಕ್ತಾ ಇದೆ!"

ನನ್ನ ಕೈ ಜಾರಿ ಅದು ಬಕೆಟ್ಟಿನೊಳಗೆ ಬಿದ್ದಿತ್ತು. ನಾನು ನೋಡದೆ ಎತ್ತಿ ಹಾಗೇ ಹೊದಿಸಿದ್ದೆ. ಉಳಿದ ಬಿಳಿಯವೆಲ್ಲ ಒಗೆಯಲು ಹೋಗಿದ್ದವು. ಹುಡುಗ ಗಡಗಡ ನಡುಗುತ್ತಿದ್ದಾನೆ. ಕೈಗೆ ಸಿಕ್ಕಿದ್ದು ನೀಲಿಯದು. ನೀನು ನೀರಿನಿಂದ ಎದ್ದು ಬಂದಾಗ ಸುತ್ತುತ್ತಿದ್ದೆನಲ್ಲ, ಹಾಗೆ ಸುತ್ತಿಬಿಟ್ಟೆ. ಅಷ್ಟೇ ಕಣಮ್ಮ. ಅದರಲ್ಲಿ ಭವಿಷ್ಯವೂ ಇರಲಿಲ್ಲ, ಮಣ್ಣೂ ಇರಲಿಲ್ಲ.

ಹುಡುಗ ನಡುಗುವುದನ್ನು ನಿಲ್ಲಿಸಿ ಆ ಟವೆಲ್ಲನ್ನೇ ನೋಡಿದ. ನನ್ನ ಮುಖ ನೋಡಿದ. ಅದನ್ನು ಸುತ್ತಿಕೊಂಡೇ ಎದ್ದುಹೋದ. ನಾನು ಬಕೆಟ್ಟು ತೊಳೆದು, ಎಣ್ಣೆ ಬಾಟಲಿ ಮುಚ್ಚಿ ಊಟಕ್ಕೆ ಹೋಗುವಷ್ಟರಲ್ಲಿ ಅಲ್ಲಿ ದೊಡ್ಡ ಸಭೆಯೇ ನಡೆಯುತ್ತಿತ್ತು.

ಅಳಿಯನ ಮುಖ ಇಷ್ಟು ದಪ್ಪ. "ಹಾಗಾದ್ರೆ ನಾಳೆ ಇವನಿಗೆ ನಾನು ನೀರು ಹೊರಬೇಕಾ?"

ತಂಡದ ಮುಖ್ಯಸ್ಥ ನನ್ನನ್ನು ಪಕ್ಕಕ್ಕೆ ಕರೆದ. "ಮಾವ, ಯೋಚನೆ ಮಾಡಿ ಹಾಕಿದ್ದಾ? ಇಡೀ ತಂಡದ ಪ್ರಶ್ನೆ ಇದು."

ಇಲ್ಲ, ಅವನಿಗೆ ಚಳಿಯಾಗಿತ್ತು ಅಷ್ಟೇ, ಎಂದು ಹೇಳಲು ಬಾಯಿ ತೆರೆದೆ. ಮುಖ್ಯಸ್ಥನ ಹಿಂದೆ ಗುಬ್ಬಚ್ಚಿ ನಿಂತಿದ್ದ. ಕೈಯಲ್ಲಿ ತಟ್ಟೆ. ಎಷ್ಟೋ ದಿನದ ಮೇಲೆ ಹುಡುಗ ಎರಡನೆಯ ಸಲ ಬಡಿಸಿಕೊಳ್ಳಲು ಬಂದಿದ್ದ, ಅಡುಗೆಯವನು ಸೌಟು ಎತ್ತಿದ್ದವನು ಹಾಗೇ ನಿಂತಿದ್ದ.

"ಯೋಚನೆ ಮಾಡೇ ಹಾಕಿದ್ದು," ಎಂದೆ.

ಮಾರನೆಯ ದಿನ ಕೋಟು, ನೀರು ಹಿಡಿದುಕೊಂಡು ಟ್ಯಾಂಕಿನ ಕೆಳಗೆ ನಿಂತಿದ್ದೆ. ಸೋತರೆ ನನ್ನ ಮಾನ ಹೋಗಲಿ, ಆ ಹುಡುಗನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕೆಳಗೆ ಬೇಕರಿಯ ತಿರುವಿನಲ್ಲಿ ಎಲ್ಲರೂ ಒಟ್ಟಿಗೆ ಕಾಣಿಸಿಕೊಂಡರು. ಮುಂದೆ ಯಾರಿದ್ದ ಹೇಳು? ನಮ್ಮ ಅಳಿಯ! ಹಲ್ಲು ಕಚ್ಚಿಕೊಂಡು ಗಾಳಿ ಸೀಳುತ್ತಿದ್ದಾನೆ, ಅವನ ಬೆನ್ನ ಮರೆಯಲ್ಲಿ ಗುಬ್ಬಚ್ಚಿ. ಆತುರಗಾರರು ಅಲ್ಲೇ ನುಗ್ಗಿದರು. ಅಂಥ ಏರಿನಲ್ಲಿ ಮೊದಲು ನುಗ್ಗಿದವನು ಮೊದಲು ಸಾಯುತ್ತಾನೆ. ಒಬ್ಬೊಬ್ಬರೇ ಕಲ್ಲು ಕಟ್ಟಿದವರಂತೆ ನಿಂತರು. ಅಳಿಯ ಕೈಲಾದಷ್ಟು ಎಳೆದು ಪಕ್ಕಕ್ಕೆ ಸರಿದ. ಸರಿಯುತ್ತಾ ಏನೋ ಕೂಗಿದ. ಗುಬ್ಬಚ್ಚಿ ಆಗ ಎದ್ದು ನಿಂತು ತುಳಿದ. ಇನ್ನೊಂದು ತಂಡದವನು ಅವನನ್ನು ಹಿಂದೆ ಹಾಕಿದ. ಮುಗಿಯಿತು ಎಂದುಕೊಂಡು ಕಣ್ಣು ಮುಚ್ಚಿದೆ, ಮಗಳೇ. ಜನ ಹೋ ಎಂದಾಗ ತೆರೆದೆ. ಗೆರೆಯ ಮೇಲೆ ಅರ್ಧ ಚಕ್ರ ಮುಂದಿದ್ದದ್ದು ನಮ್ಮ ಹುಡುಗ.

ನೇರ ನನ್ನ ತೋಳಿಗೇ ಬಂದು ಬಿದ್ದ. ಉಸಿರು ಬರಲು ಎಷ್ಟೋ ಹೊತ್ತಾಯಿತು. ಆಮೇಲೆ ಹೇಳಿದ, "ಅವನು ದಾಟಿ ಹೋದಾಗ ಬಿಟ್ಬಿಡೋಣ ಅನ್ನಿಸ್ತು ಮಾವ. ಕಾಲು ಸತ್ತೇ ಹೋಗಿತ್ತು. ಆದ್ರೆ ಮಾವನ ಕೈ ಸುಳ್ಳು ಹೇಳಲ್ಲ ಅಂತ ತುಳಿದೆ."

ನಾನು ಅತ್ತುಬಿಟ್ಟೆ. ಎಲ್ಲರೂ ಅದನ್ನು ಸಂತೋಷದ ಕಣ್ಣೀರು ಎಂದುಕೊಂಡರು. ಸಂತೋಷವೂ ಇತ್ತು. ಅಳಿಯ ಎಲ್ಲರ ಮುಂದೆ ನನ್ನ ಬಲಗೈ ಎತ್ತಿ ಹಿಡಿದು ಮುತ್ತಿಟ್ಟು, "ಈ ಕೈಗೆ ಇನ್ಶೂರೆನ್ಸ್ ಮಾಡಿಸ್ರಪ್ಪ!" ಎಂದ. ಒಳ್ಳೆಯ ಹುಡುಗ, ಹಾಲು ಬಿಸಿಯಾಗಿದ್ದರೆ. ಗುಬ್ಬಚ್ಚಿಯನ್ನು ಮುಂದಿನ ವರ್ಷಕ್ಕೂ ಇಟ್ಟುಕೊಳ್ಳುವುದಾಗಿ ಮುಖ್ಯಸ್ಥ ಅಲ್ಲೇ ಮಾತು ಕೊಟ್ಟ. ಅಡುಗೆಯವನು ಮಾತ್ರ ನನ್ನನ್ನು ಬೈಯುವುದು ಬಿಟ್ಟಿಲ್ಲ. ಬಿಸಿ ಪಾತ್ರೆಯನ್ನು ಬಟ್ಟೆಯಿಲ್ಲದೆ ಎತ್ತುತ್ತೀಯಲ್ಲ, ನಿನಗೇನು ಧಾಡಿ, ಎನ್ನುತ್ತಾನೆ.

ನೀಲಿ ಟವೆಲ್ಲನ್ನು ಕಟ್ಟು ಹಾಕಿಸಿ ತಂಡದ ಬಸ್ಸಿನಲ್ಲಿ ತೂಗುಹಾಕಬೇಕಂತೆ. ಕೊಡುವುದಿಲ್ಲ ಎಂದೆ. ಒಗೆಸಿ ಮಡಿಸಿಟ್ಟಿದ್ದೇನೆ, ಮಗುವಿಗೆ ತರುತ್ತೇನೆ. ಈ ಓಟ ಮುಗಿದ ಕೂಡಲೇ ಹೊರಡುತ್ತೇನೆ. ನೀನು ಹೊತ್ತುಹೊತ್ತಿಗೆ ತಿನ್ನು, ಮಗು ಮಲಗಿದಾಗ ಮಲಗು, ಅಮ್ಮ ಬೈದರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡು. ನಿಮ್ಮ ಮೂವರ ಬಾಳೂ ತಣ್ಣಗಿರಲಿ. ಮಗುವಿಗೆ ಅಜ್ಜನ ಮುತ್ತು.

ನಿನ್ನ ಪ್ರೀತಿಯ
ಅಪ್ಪ

ಮರೆತ ಮಾತು: ಇದನ್ನು ನೀನೊಬ್ಬಳೇ ಓದಿಕೋ, ಅಮ್ಮನಿಗೆ ನಾನೇ ಬಂದು ಹೇಳುತ್ತೇನೆ. ಮೇಜು ಅಲ್ಲಾಡುವುದಿಲ್ಲ. ಈ ವರ್ಷ ಶುರುವಾದಾಗಿನಿಂದ ನನ್ನ ಬೆರಳುಗಳಿಗೆ ಸ್ಪರ್ಶ ತಿಳಿಯುತ್ತಿಲ್ಲ. ಮೊದಲು ತುದಿ ಹೋಯಿತು, ಈಗ ಅಂಗೈಯೂ ಹೋಗಿದೆ. ಎರಡೂ ಕೈ. ಬಿಸಿ, ತಣ್ಣಗೆ, ಒದ್ದೆ, ಒಣಗಿದ್ದು, ಎಲ್ಲ ಒಂದೇ. ನರ ಸವೆದಿದೆ, ಮತ್ತೆ ಬರುವುದು ಕಷ್ಟ ಎಂದರು ಡಾಕ್ಟರು. ಅವತ್ತು ಗುಬ್ಬಚ್ಚಿಯ ಕಾಲು ನನಗೆ ಏನೂ ಹೇಳಿರಲಿಲ್ಲ. ಯಾರ ಕಾಲೂ ಹೇಳಿರಲಿಲ್ಲ. ಇದೇ ನನ್ನ ಕೊನೆಯ ಓಟ. ನಾನು ಬಂದಾಗ ಎಲ್ಲರ ಮುಂದೆ ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸು. ಕಾಲು ಹಿಡಿದು, ನಿನ್ನ ಅಮ್ಮ ನಗುವಂಥ ಭವಿಷ್ಯ ಏನಾದರೂ ಹೇಳುತ್ತೇನೆ. ಆಮೇಲೆ, ಯಾರೂ ಇಲ್ಲದಾಗ, ಅವಳ ಪಾದ ಎತ್ತಿ ನನ್ನ ಕೆನ್ನೆಗೆ ಒತ್ತಿ ಹಿಡಿ. ಕೆನ್ನೆಗೆ ಇನ್ನೂ ಗೊತ್ತಾಗುತ್ತದೆ.